ಅಟ್ಟದ ಉಡ, ಅತ್ತೆಯ ಎಡಗೈ

ಮೊಟ್ಟೆಯ ದಿನ ಬಂತೆಂದರೆ ನನಗೆ ಕೈ ತೊಳೆಯುವುದೇ ಒಂದು ಕೆಲಸ. ಬಿಕ್ಕೋಡಿನ ಕಡೆಯ ಒಂದು ಶಾಲೆಯಲ್ಲಿ ನಾನು ಟೀಚರ್. ಬಿಸಿಯೂಟದ ಜೊತೆ ಮೊಟ್ಟೆ ಕೊಡುವಾಗ ನಮ್ಮಲ್ಲಿ ಒಬ್ಬರು ನಿಂತು ನೋಡಿಕೊಳ್ಳಬೇಕು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ನಾನೂ ಬಾಳೆಹಣ್ಣಿನ ಪಾರ್ಟಿಯವಳೇ ಎಂದು ಮಕ್ಕಳಿಗೆಲ್ಲ ಗೊತ್ತು. ಅದಕ್ಕೇ ಬೇಕೆಂದೇ ನನ್ನ ಹತ್ತಿರವೇ ಮೊಟ್ಟೆಯ ಸಿಪ್ಪೆ ಬಿಡಿಸಲು ಬರುತ್ತವೆ. ಬಿಡಿಸಿಕೊಡುತ್ತೇನೆ. ಮೊನ್ನೆ ಅಡುಗೆಯವರಿಗೆ ಟ್ರೇ ಎತ್ತಿಕೊಡುವಾಗ ಒಂದು ಹಸಿ ಮೊಟ್ಟೆ ಒಡೆದು ಎಡಗೈಯೆಲ್ಲ ಲೋಳೆಯಾಯಿತು. ಸೋಪು ಹಾಕಿ ತೊಳೆದೆ, ಮತ್ತೆ ತೊಳೆದೆ. ಸ್ಟಾಫ್ ರೂಮಿಗೆ ಬಂದು ಕೂತು ಮೂಸಿ ನೋಡಿದರೆ ವಾಸನೆ ಹಾಗೇ ಇತ್ತು. ಎದುರಿಗಿದ್ದ ಗಣಿತದ ಮೇಷ್ಟ್ರು ಪೇಪರ್ ತಿದ್ದುವುದನ್ನು ನಿಲ್ಲಿಸಿ, ಯಾಕೆ ಮೇಡಂ ಕೈ ಮೂಸಿಕೊಂಡು ಅಳುತ್ತಿದ್ದೀರಿ ಎಂದು ಕೇಳಿದರು. ನಾನು ಅಳುತ್ತಿರುವುದು ನನಗೆ ಗೊತ್ತಾದದ್ದೇ ಆಗ...

ಅದು ಅತ್ತೆಯ ಕೈಯ ವಾಸನೆ. ವಿಭೂತಿ, ಕೊಬ್ಬರಿ, ಅವೆರಡರ ಅಡಿಯಲ್ಲಿ ಎಷ್ಟು ತೊಳೆದರೂ ಹೋಗದ ಹಸಿ ಮೊಟ್ಟೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಹಳೇಬೀಡಿನ ಕಡೆ ಕೊಟ್ಟಿದ್ದರಂತೆ. ಗಂಡ ಬೇಗ ತೀರಿಕೊಂಡ ಮೇಲೆ ಅರಸೀಕೆರೆ ಕಡೆಯ ಗಂಡಸಿಯ ಪಕ್ಕದ ನಮ್ಮೂರಿಗೆ, ತಮ್ಮನ ಮನೆಗೆ ಬಂದವಳು. ನಾನು ಹುಟ್ಟುವ ಮೊದಲೇ ಬಂದಿದ್ದರೂ ಊರಿನ ಹೆಂಗಸರಿಗೆ ಅವಳು ಕೊನೆಯವರೆಗೂ 'ಹಳೇಬೀಡಿನವರು.' ಎತ್ತರದ ಆಳು, ಮೂಳೆಗಟ್ಟಿ ಮೈ, ಮಾತು ಅಷ್ಟಕ್ಕಷ್ಟೆ. ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು ಕೂತಳೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಎದ್ದ ಮೇಲೆ ಕೂರುವವಳೂ ಅಲ್ಲ. ಅಡುಗೆಮನೆ ಅಮ್ಮನದು, ತೋಟ ಅಪ್ಪನದು, ಅಟ್ಟ ಅತ್ತೆಯದು. ಈ ಗಡಿಗಳನ್ನು ಯಾರೂ ದಾಟುತ್ತಿರಲಿಲ್ಲ. ಅಮ್ಮನಿಗೂ ಅತ್ತೆಗೂ ಅಂಥ ಪ್ರೀತಿಯೇನೂ ಇರಲಿಲ್ಲ. ಒಂದೇ ಸೂರಿನಡಿ ಎರಡು ರಾಜ್ಯಗಳಂತೆ ಮರ್ಯಾದೆಯಿಂದ ಇದ್ದರು.

ನಮ್ಮ ಕಡೆಯ ಅಟ್ಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅರಸೀಕೆರೆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದು ಕಡಿಮೆ. ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ಅಟ್ಟದ ಮೇಲೆ ಸಿಪ್ಪೆ ಸಮೇತ ಪೇರಿಸಿ, ವರ್ಷ ಒಪ್ಪತ್ತು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟಗಿಟ ಎನ್ನಬೇಕು, ಆಗ ಕೊಬ್ಬರಿಯಾಯಿತೆಂದು ಲೆಕ್ಕ. ಇಷ್ಟು ತಾಳ್ಮೆಯಿಂದ ಕಾದ ಕೊಬ್ಬರಿಯನ್ನು ಇಲಿ ತೂತು ಕೊರೆದು ತಿಂದುಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಇಲಿಪಾಷಾಣ ಇಡಲು ಅತ್ತೆ ಬಿಡುತ್ತಿರಲಿಲ್ಲ. ಬೋನಿಗೆ ಬಿದ್ದದ್ದನ್ನು ತೋಟದಾಚೆ ಬಿಟ್ಟು ಬರುತ್ತಿದ್ದಳು. ಅವು ಅವಳಿಗಿಂತ ಮೊದಲೇ ಮನೆ ಸೇರುತ್ತಿದ್ದವು ಎಂದು ಅಪ್ಪ ನಗುತ್ತಿದ್ದ.

ಹೀಗಿರುವಾಗ ಉಡ ಬಂತು. ಬಂತು ಎಂದರೆ, ತೋಟದಿಂದ ತಂದ ಕಾಯಿರಾಶಿಯ ಒಳಗೆ ಒಂದು ಮರಿ ಸೇರಿಕೊಂಡಿತ್ತು. ನಮ್ಮಲ್ಲಿ ಕಾಯಿ ಸುಲಿಯಲು ಬರುತ್ತಿದ್ದವನು ಅದನ್ನು ಕಂಡು ಕತ್ತಿ ಎತ್ತಿದ. ಉಡದ ಮಾಂಸ ಸೊಂಟನೋವಿಗೆ ಒಳ್ಳೆಯದು, ಎಣ್ಣೆ ಮಂಡಿಗೆ ಒಳ್ಳೆಯದು ಎಂದು ಅವನ ಬಳಿ ದೊಡ್ಡ ಪಟ್ಟಿಯೇ ಇತ್ತು. ಅತ್ತೆ ಅದನ್ನೆಲ್ಲ ಕೇಳಿಸಿಕೊಂಡು, ಇಲಿಗೆ ಯಾರಾದರೂ ಬೇಕಲ್ಲ, ಮೇಲೆ ಹತ್ತಿಕೊಳ್ಳಲಿ ಬಿಡು ಎಂದಳಂತೆ. ಅದು ಹತ್ತಿಕೊಂಡಿತು. ಮುಂದಿನ ಕೆಲವು ತಿಂಗಳಲ್ಲಿ ಅಟ್ಟದ ಇಲಿಗಳೆಲ್ಲ ನಾಪತ್ತೆ. ಅಕ್ಕ ಹಿಂಸೆ ಮಾಡುವುದಿಲ್ಲ, ಗುತ್ತಿಗೆ ಕೊಟ್ಟಿದ್ದಾಳೆ ಅಷ್ಟೆ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಉಡಕ್ಕೆ ಅತ್ತೆ ಹೆಸರು ಇಡಲಿಲ್ಲ. 'ಅಟ್ಟದವನು' ಎನ್ನುತ್ತಿದ್ದಳು, ಕೊನೆಯ ಕೋಣೆಯಲ್ಲಿರುವ ಬಾಡಿಗೆಯವನ ಬಗ್ಗೆ ಹೇಳುವಂತೆ.

ಅಟ್ಟದವನು ಬೆಳೆದ. ನಾನು ಅರಸೀಕೆರೆಯಲ್ಲಿ ಪಿಯುಸಿ ಓದುತ್ತಿದ್ದ ಕಾಲಕ್ಕೆ ಬಾಲ ಸೇರಿ ನನ್ನ ಎದೆಯ ಮಟ್ಟಕ್ಕೆ ಬರುವಷ್ಟು ಉದ್ದವಾಗಿದ್ದ. ಮಣ್ಣುಬಣ್ಣದ ಮೈ ತುಂಬ ಹಳದಿ ಚುಕ್ಕೆ, ಕತ್ತಿನಲ್ಲಿ ಮಡಿಕೆ ಮಡಿಕೆ ಚರ್ಮ, ತೊಲೆಯನ್ನು ಕಚ್ಚಿ ಹಿಡಿದ ಉಗುರು. ಹಾವಿನಂತೆ ಎರಡಾಗಿ ಸೀಳಿದ ನಾಲಗೆಯನ್ನು ಆಚೆ ಹಾಕಿ ಗಾಳಿಯನ್ನು ಸವರಿ ಒಳಗೆ ಎಳೆದುಕೊಳ್ಳುತ್ತಿದ್ದ. ಅವನು ಲೋಕವನ್ನು ನೋಡುವುದು ನಾಲಗೆಯಿಂದ ಎಂದು ಅತ್ತೆ ನನಗೆ ಹೇಳಿದ್ದಳು. ಕಾಯಿ ತಿರುವಿ ಹಾಕುವಾಗ ಅವನು ಅಡ್ಡ ಮಲಗಿದ್ದರೆ ಅವಳು ಒಂದು ಕೈಯನ್ನು ಎದೆಯ ಅಡಿಗೂ ಇನ್ನೊಂದನ್ನು ಬಾಲದ ಬುಡಕ್ಕೂ ಕೊಟ್ಟು, ಹಸುಗೂಸನ್ನು ಎತ್ತುವ ಹಾಗೆ ಎತ್ತಿ ಪಕ್ಕಕ್ಕಿಡುತ್ತಿದ್ದಳು. ಮೊಣಕೈವರೆಗೂ ಉಗುರಿನ ಗೀರುಗಳು. ಅವನ್ನು ಅವಳು ಬಳೆಗಳಂತೆ ಧರಿಸಿದ್ದಳು. ಒಮ್ಮೆ ನನ್ನ ಕೈ ಹಿಡಿದು ಅವನ ಪಕ್ಕೆಯ ಮೇಲೆ ಇರಿಸಿದಳು. ಆ ಒರಟು ಚರ್ಮದ ಒಳಗೆ ಉಸಿರು ಏರಿ ಇಳಿಯುತ್ತಿತ್ತು, ಬಹಳ ನಿಧಾನವಾಗಿ, ಯಾವ ಅವಸರವೂ ಇಲ್ಲದೆ. ನನಗೆ ಹೆದರಿಕೆಯಾಗಿತ್ತು, ಆದರೆ ಕೈ ತೆಗೆಯಲು ಮನಸ್ಸಾಗಲಿಲ್ಲ...

ಹಸುವಿನ ಹೆರಿಗೆಗೆ ಬಂದಿದ್ದ ದನದ ಡಾಕ್ಟರು ಒಮ್ಮೆ ಅವನನ್ನು ನೋಡಿ ನಿಂತಲ್ಲೇ ನಿಂತುಬಿಟ್ಟರು. ಉಡ ಸಾಕುವುದು ಕಾನೂನಿಗೆ ವಿರುದ್ಧ, ಗೊತ್ತಾದರೆ ಜೈಲು ಎಂದರು. ಸಾಕಿಲ್ಲ ಸ್ವಾಮಿ, ಅವನೇ ಇದ್ದಾನೆ ಎಂದಳು ಅತ್ತೆ. ಡಾಕ್ಟರು ತಲೆ ಚಚ್ಚಿಕೊಂಡು, ಹೋಗುವಾಗ ಇನ್ನೊಂದು ಮಾತು ಹೇಳಿದರು: ಇದಕ್ಕೆ ಏನು ತಿನ್ನಿಸಿದರೂ ಬರಿಗೈಯಿಂದ ಮಾತ್ರ ತಿನ್ನಿಸಬೇಡಿ, ಇಕ್ಕಳದಲ್ಲಿ ಹಿಡಿದು ಕೊಡಿ. ಕೈಯೇ ತಿಂಡಿ ಎಂದು ಒಂದು ಸಲ ತಿಳಿದುಕೊಂಡರೆ ಅದರ ತಪ್ಪಲ್ಲ. ಉಡದ ಪಟ್ಟು ಎಂದು ಸುಮ್ಮನೆ ಗಾದೆ ಮಾಡಿಲ್ಲ ನಮ್ಮ ಹಿರಿಯರು.

ಆ ಮಾತು ಬೇಗನೆ ಬೇಕಾಯಿತು. ಇಲಿಗಳು ಮುಗಿದಿದ್ದವು. ಅಟ್ಟದವನು ಸೊರಗತೊಡಗಿದ. ಅತ್ತೆ ಮೊದಲು ಮೊಸರನ್ನ ಇಟ್ಟು ನೋಡಿದಳು. ತುಪ್ಪ ಹಾಕಿದ ರಾಗಿಮುದ್ದೆ ಇಟ್ಟಳು. ನಮ್ಮ ಮನೆಯ ಉಪ್ಪು ತಿಂದವನು ನಮ್ಮ ಹಾಗೇ ಆಗಲಿ ಎಂಬ ಆಸೆ ಅವಳಿಗೆ ಒಳಗೆಲ್ಲೋ ಇತ್ತು ಎಂದು ನನ್ನ ಅನುಮಾನ. ಅವನು ನಾಲಗೆ ಆಚೆ ಹಾಕಿ ಮುದ್ದೆಯನ್ನು ಸವರಿ, ಮುಖ ತಿರುಗಿಸಿ ಹೋದ. ಕೊನೆಗೆ ಸುಲಿಯುವವನ ಮನೆಯಿಂದ ಮೊಟ್ಟೆ ತರಿಸಿದಳು. ಅದೂ ಹಿತ್ತಲಿನ ಏಣಿಯ ಮೇಲಿಂದ, ಹೊಸಿಲು ದಾಟಿಸದೆ. ಮೊದಲ ಸಲ ತೆಂಗಿನ ಚಿಪ್ಪಿನಲ್ಲಿಟ್ಟಳು. ಅವನು ಚಿಪ್ಪನ್ನು ಮಗುಚಿದ. ಮೊಟ್ಟೆ ಒಡೆದು ದಬ್ಬೆಯ ಸಂದಿನಿಂದ ಕೆಳಗಿಳಿದು, ಸರಿಯಾಗಿ ದೇವರ ಕೋಣೆಯ ಬಾಗಿಲ ಮುಂದೆ ಬಿತ್ತು. ಅಮ್ಮ ಅವತ್ತು ಇಡೀ ಮನೆ ತೊಳೆದಳು, ಗಂಜಲ ಚಿಮುಕಿಸಿದಳು.

ಆಮೇಲೆ ಇಕ್ಕಳದ ಮಾತು ಬಂತು. ಮನೆಯಲ್ಲಿದ್ದದ್ದು ಒಂದೇ ಇಕ್ಕಳ, ಅಮ್ಮನದು, ಹಾಲಿನ ಪಾತ್ರೆ ಇಳಿಸುವುದು. ಮೊಟ್ಟೆ ಮುಟ್ಟಿದ ಇಕ್ಕಳ ಮತ್ತೆ ನನ್ನ ಒಲೆಯ ಹತ್ತಿರ ಬರಕೂಡದು ಎಂದಳು ಅಮ್ಮ. ಇನ್ನೊಂದು ತರುತ್ತೇನೆ ಎಂದ ಅಪ್ಪ, ಪ್ರತಿ ಸಂತೆಯಲ್ಲೂ ಮರೆತು ಬಂದ. ಅತ್ತೆ ತನ್ನದೇ ತೀರ್ಮಾನ ಮಾಡಿದಳು. ಕೈಯಾದರೆ ತೊಳೆದುಕೊಳ್ಳಬಹುದು, ಇಕ್ಕಳದ ಮಡಿ ಹೋದರೆ ಹೋಯಿತು. ಈಗ ಹೇಳಿದರೆ ಯಾರಾದರೂ ನಕ್ಕಾರು. ಕೈಗಿಂತ ಕಬ್ಬಿಣ ಹೆಚ್ಚು ಮಡಿ ಎಂದು ನಂಬುವುದು ನಮ್ಮಂಥವರ ಮನೆಯಲ್ಲಿ ಮಾತ್ರ ಸಾಧ್ಯ. ಆದರೆ ಆಗ ನಮಗೆಲ್ಲ ಅದು ಸರಿಯಾದ ಲೆಕ್ಕವಾಗಿಯೇ ಕಂಡಿತ್ತು. ದಿನ ಬಿಟ್ಟು ದಿನ ಪೂಜೆ ಮುಗಿಸಿ, ಬಲಗೈಯಲ್ಲಿ ತೊಲೆ ಹಿಡಿದು, ಎಡಗೈಯಲ್ಲಿ ಮೊಟ್ಟೆ ಹಿಡಿದು ನೀಡುತ್ತಿದ್ದಳು. ಅವನು ಅದನ್ನು ಎಚ್ಚರಿಕೆಯಿಂದ ಬಾಯಿಗೆ ತೆಗೆದುಕೊಂಡು ಕತ್ತೆತ್ತಿ ನುಂಗುತ್ತಿದ್ದ. ಆಮೇಲೆ ಅತ್ತೆ ಇಳಿದು ಬಂದು ಬಾನಿಯ ಹತ್ತಿರ ಬೂದಿ ಹಾಕಿ ಕೈ ತಿಕ್ಕುತ್ತಿದ್ದಳು. ದನಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿ ನಮ್ಮ ಹಿತ್ತಲಲ್ಲಿತ್ತು.

ಒಂದು ದಿನ ಮೊಟ್ಟೆ ಬಿರುಕು ಬಿಟ್ಟಿತ್ತು. ಅವನು ಬಾಯಿ ಹಾಕುವ ಮೊದಲೇ ಒಡೆದು ಅವಳ ಅಂಗೈಯಿಂದ ಮಣಿಕಟ್ಟಿನವರೆಗೆ ಹರಿಯಿತು. ಸುಲಿಯುವವನು ಕೆಳಗೆ ಕಾಯುತ್ತಿದ್ದ. ಕೊಬ್ಬರಿ ಮಾರುವ ಕಾಲ, ಕೆಲಸ ನಿಲ್ಲುವಂತಿರಲಿಲ್ಲ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿ, ಆದದ್ದನ್ನು ಏಣಿಯ ಬಾಯಿಂದ ಕೆಳಗೆ ಬಿಡತೊಡಗಿದಳು. ರಜೆಗೆ ಬಂದಿದ್ದ ನಾನು ಕೆಳಗೆ ನಿಂತು ಅವನ್ನು ಒಟ್ಟುತ್ತಿದ್ದೆ. ಒಂದು ಹಂತದಲ್ಲಿ ಕಾಯಿ ಬರುವುದು ನಿಂತಿತು. ಮೇಲಿಂದ ಅವಳ ದನಿ ಬಂತು.

“ತಮ್ಮಾ, ಒಸಿ ಮೇಲೆ ಬಾ.”

ಮೂಟೆಗೆ ಕೈ ಕೊಡಲು ಕರೆಯುವ ದನಿ ಅದು. ಅಪ್ಪ ಆಕಳಿಸುತ್ತ ಹತ್ತಿದ, ಹಿಂದೆಯೇ ನಾನು. ಅತ್ತೆ ಕಾಯಿರಾಶಿಗೆ ಒರಗಿ ಕೂತಿದ್ದಳು. ಅಟ್ಟದವನು ಅವಳ ಎಡಗೈ ಹೆಬ್ಬೆರಳ ಬುಡವನ್ನು, ಅಂಗೈ ಅರ್ಧ ಬರುವಂತೆ, ಬಾಯಲ್ಲಿ ಹಿಡಿದಿದ್ದ. ಬಾಲ ಮೊಣಕೈಗೆ ಸುತ್ತಿಕೊಂಡಿತ್ತು. ಕಣ್ಣು ಮಿಟುಕುತ್ತಿರಲಿಲ್ಲ. ರಕ್ತ ಹನಿಯುವುದಲ್ಲ, ಸಣ್ಣ ಧಾರೆಯಾಗಿ ದಬ್ಬೆಯ ಮೇಲೆ ಇಳಿಯುತ್ತಿತ್ತು. ಅವಳು ಕೈಯನ್ನು ಎಳೆದಿರಲಿಲ್ಲ. ಎಳೆದರೆ ಅದು ಇನ್ನೂ ಬಿಗಿ ಮಾಡಿ ತಿರುಚುತ್ತದೆ, ಮಾಂಸ ಕಿತ್ತು ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತೋ, ಇಲ್ಲ ಮೈಯೇ ಅವಳಿಗೆ ಹೇಳಿತೋ... ಬಲಗೈಯಿಂದ ಅವನ ಹೊಟ್ಟೆಯನ್ನು ಅಡಿಯಿಂದ ಎತ್ತಿ ಹಿಡಿದಿದ್ದಳು, ಭಾರ ಹಲ್ಲಿನ ಮೇಲೆ ಬೀಳದ ಹಾಗೆ. ಕೆಳದನಿಯಲ್ಲಿ ಮಾತಾಡುತ್ತಿದ್ದಳು.

“ಮೊಟ್ಟೆ ಅಲ್ಲ ಕಣಪ್ಪ ಇದು. ನನ್ನ ಕೈ.”

ಸುಲಿಯುವವನು ಕೆಳಗಿನಿಂದ ಮಚ್ಚನ್ನು ಎತ್ತಿ ಕೊಟ್ಟ. ಕತ್ತಿನ ಹಿಂದೆ ಒಂದೇ ಏಟು, ದವಡೆ ತಾನಾಗಿ ಸಡಿಲ ಬೀಳುತ್ತದೆ ಎಂದ. ಅಪ್ಪ ಮಚ್ಚು ತೆಗೆದುಕೊಂಡ. ಅಪ್ಪ ಇರುವೆ ಗೂಡನ್ನು ಸುತ್ತಿಕೊಂಡು ನಡೆಯುವ ಮನುಷ್ಯ. ಆದರೂ ಹೊಡೆಯಲು ನಿಂತಿದ್ದ. ಅದು ಲಿಂಗ ಹಿಡಿಯುವ ಕೈ, ಹೋದರೆ ಏನು ಮಾಡುತ್ತೀಯ ಅಕ್ಕ ಎಂದು ಅಳುವ ದನಿಯಲ್ಲಿ ಕೇಳಿದ. ಅತ್ತೆ ತಲೆ ಎತ್ತಿ ಅವನನ್ನು ನೋಡಿದಳು.

“ಅದ್ಕೇ ಕಣೋ ಬ್ಯಾಡ ಅಂತಿರೋದು. ಈ ಅಂಗೈ ಮ್ಯಾಲೆ ಇವನ್ನ ಕಡದು, ನಾಳೀಕೆ ಇದ್ರ ಮ್ಯಾಲೆ ಶಿವನ್ನ ಹೆಂಗೆ ಕೂರಿಸ್ಲಿ? ಕೈ ನಂದು. ನಾನು ಕಾಯ್ತೀನಿ.”

ಅಪ್ಪ ಮಚ್ಚು ಇಳಿಸಿದ. ಜೇಬಿನಿಂದ ಮೊಬೈಲ್ ತೆಗೆದು ದನದ ಡಾಕ್ಟರಿಗೆ ಹಚ್ಚಿದ. ಅವರು ಆ ಕಡೆಯಿಂದ ಬೈದದ್ದು ನಮಗೆಲ್ಲ ಕೇಳಿಸಿತು. ಬೈದು ಮುಗಿಸಿ ಎರಡು ದಾರಿ ಹೇಳಿದರು. ಬಾಯಿಗೆ ನಾಲ್ಕು ಹನಿ ಬ್ರಾಂದಿ ಬಿಡಬೇಕು, ಇಲ್ಲ ಕೈ ಸಮೇತ ನೀರಿನಲ್ಲಿ ಮುಳುಗಿಸಬೇಕು. ಉಸಿರು ಕಟ್ಟಿದಾಗ ಬಿಡುತ್ತದೆ, ಆದರೆ ಬೇಗ ಬಿಡುವುದಿಲ್ಲ. ಬ್ರಾಂದಿ ತರಲು ಗಂಡಸಿಯ ಪೇಟೆಗೆ ಹೋಗಬೇಕಿತ್ತು. ನೀರು ಹಿತ್ತಲಿನ ಬಾನಿಯಲ್ಲಿತ್ತು, ನಡುವೆ ಇದ್ದದ್ದು ಏಣಿ.

ಅವಳು ಆ ಏಣಿ ಇಳಿದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಯಾರೂ ಮುಟ್ಟಬೇಡಿ ಎಂದಳು. ಉಡದ ಮೈಯನ್ನು ಆ ಎಡತೋಳಿನಿಂದಲೇ ಎದೆಗೆ ಅವುಚಿಕೊಂಡಳು. ಬಲಗೈಯಲ್ಲಿ ಏಣಿಯ ಕಾಲನ್ನು ಹಿಡಿದು, ಮೆಟ್ಟಿಲನ್ನು ಪಾದದಿಂದ ತಡಕಿ ತಡಕಿ ಇಳಿದಳು. ಸುಲಿಯುವವನು ಕೆಳಗೆ ಏಣಿಯನ್ನು ಅಪ್ಪಿ ನಿಂತಿದ್ದ. ಅವನ ಹೆಗಲ ಮೇಲೆಲ್ಲ ರಕ್ತ ಬಿತ್ತು. ಮಧ್ಯದಲ್ಲಿ ಅಟ್ಟದವನು ಒಮ್ಮೆ ಬಾಯಿ ಬದಲಿಸಿ ಮತ್ತೆ ಕಚ್ಚಿದ. ಅವಳ ಮುಖದಲ್ಲಿ ಬಣ್ಣವೇ ಇಲ್ಲದಂತಾಯಿತು. ಕಣ್ಣು ಮುಚ್ಚಿ ನಿಂತಳು. ತುಟಿಯಲ್ಲಿ ಪಂಚಾಕ್ಷರಿ ನಡೆಯುತ್ತಿತ್ತು. ಮತ್ತೆ ಇಳಿದಳು.

ಹಿತ್ತಲಲ್ಲಿ ಅಮ್ಮ ಆಗಲೇ ದನಗಳನ್ನು ಆಚೆ ನೂಕಿ ಬಾನಿ ತೆರವು ಮಾಡಿದ್ದಳು. ನನ್ನ ಅಮ್ಮ! ದೇವರ ಕೋಣೆಯ ಮುಂದೆ ಒಂದು ಮೊಟ್ಟೆ ಬಿದ್ದಿದ್ದಕ್ಕೆ ಮನೆಯೆಲ್ಲ ತೊಳೆದವಳು, ದನ ಕುಡಿಯುವ ನೀರಿಗೆ ಉಡವನ್ನೂ ರಕ್ತವನ್ನೂ ಬಿಟ್ಟುಕೊಂಡು, ಅತ್ತಿಗೆಯ ಬೆನ್ನಿಗೆ ತನ್ನ ಮಂಡಿ ಆನಿಸಿ ಕೂತಳು. ಅತ್ತೆ ತೋಳನ್ನು ಮೊಣಕೈವರೆಗೆ ಮುಳುಗಿಸಿದಳು. ನೀರು ಕೆಂಪಾಯಿತು. ಏನೂ ಆಗಲಿಲ್ಲ. ಉಡಕ್ಕೆ ಅಷ್ಟು ಉಸಿರು ಇರುತ್ತದೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಬಾನಿಯ ಕಟ್ಟೆಗೆ ಹಣೆ ಊರಿ ಅವಳು ಕಾದಳು. ಅಪ್ಪ ತಡೆಯಲಾರದೆ ಮತ್ತೆ ಮಚ್ಚಿನ ಕಡೆ ನೋಡಿದ. ಅಮ್ಮ ಅದನ್ನು ಕಾಲಿನಿಂದ ದೂರ ತಳ್ಳಿದಳು. ಎಷ್ಟು ಹೊತ್ತೋ ಹೇಳಲಾರೆ... ಒಂದು ಗುಳ್ಳೆ ಮೇಲೆ ಬಂತು, ಆಮೇಲೆ ಗುಳ್ಳೆಗಳ ಸಾಲು. ಅವಳ ಭುಜ ಒಮ್ಮೆಲೇ ಸಡಿಲವಾಯಿತು. ಅಟ್ಟದವನು ನೀರಿನಿಂದ ತಲೆ ಎತ್ತಿ, ನಾಲಗೆ ಆಚೆ ಹಾಕಿ, ಎಂದಿನಂತೆ ಗಾಳಿಯನ್ನು ಸವರಿದ. ಕಟ್ಟೆ ಹತ್ತಿ, ಗೋಡೆ ಹಿಡಿದು, ತನ್ನ ಪಾಡಿಗೆ ತಾನು ಅಟ್ಟಕ್ಕೆ ಹೋದ.

ವರ್ಷಕ್ಕೊಮ್ಮೆ ನಾನು ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುತ್ತೇನೆ. ಸಿಂಹದ ಬಾಯಿಗೆ ಕತ್ತಿ ಹಾಕುತ್ತಿರುವ ಹುಡುಗನ ಶಿಲ್ಪದ ಮುಂದೆ ನಿಂತು ಗೈಡು ದೊಡ್ಡ ದನಿಯಲ್ಲಿ ಕತೆ ಹೇಳುತ್ತಾನೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ. ನನಗೂ ಆ ಶಿಲ್ಪ ಇಷ್ಟ, ಸುಳ್ಳೇಕೆ ಹೇಳಲಿ. ಆದರೆ ಮೃಗದ ಬಾಯಲ್ಲಿ ತನ್ನ ಕೈಯಿಟ್ಟುಕೊಂಡು, ಕತ್ತಿ ಬೇಡವೆಂದು ಕೂತವಳನ್ನು ಕಣ್ಣಾರೆ ಕಂಡ ಮೇಲೆ ಕತ್ತಿ ಎತ್ತಿದವನ ಧೈರ್ಯ ನನಗೆ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಾಯಿ ಕಚ್ಚಿತೆಂದು ಹೇಳು ಎಂದು ಅಪ್ಪ ಪರಿಪರಿಯಾಗಿ ಕೇಳಿಕೊಂಡ. ಅವಳು ಡಾಕ್ಟರ ಮುಂದೆ ಉಡ ಎಂದೇ ಹೇಳಿದಳು. ಹೊಲಿಗೆ ಹಾಕಿದರು. ಗಾಯ ಕೀವಾಯಿತು, ಮತ್ತೆ ಬಿಚ್ಚಿದರು, ಹಾಸನದಲ್ಲಿ ಆಪರೇಷನ್ ಆಯಿತು. ಒಳಗಿನ ನರ ತುಂಡಾಗಿದ್ದರಿಂದ ಹೆಬ್ಬೆರಳು ಅಂಗೈಯ ಕಡೆಗೆ ಬಾಗಿ ಅಲ್ಲೇ ನಿಂತಿತು. ಅಂಗೈ ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ, ಒಂದು ಪಕ್ಕಕ್ಕೆ ವಾಲಿಕೊಂಡೇ ಇರುತ್ತಿತ್ತು. ನಡುವೆ ಅರಣ್ಯ ಇಲಾಖೆಯವರು ಬಂದರು. ಬಂದವರು ಒಳ್ಳೆಯವರು, ಗದರಿಸಿ, ಎಚ್ಚರಿಕೆ ಕೊಟ್ಟು, ಉಡವನ್ನು ಗುಡ್ಡದ ಕಡೆ ಬಿಡುತ್ತೇವೆ ಎಂದರು. ಅಟ್ಟ ಹತ್ತಿದವರು ಕೋಲು ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಾಗ, ಅತ್ತೆ ಬ್ಯಾಂಡೇಜಿನ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹತ್ತಿ, ಬಲಗೈಯೊಂದರಲ್ಲೇ ಅವನ ಎದೆಯಡಿ ಹಿಡಿದೆತ್ತಿ ಚೀಲದೊಳಗೆ ಇಳಿಸಿದಳು. ಅವನು ಮಿಸುಕಲಿಲ್ಲ. ಇರಿಸಿಕೊಂಡದ್ದು ನನ್ನ ತಪ್ಪು, ಅವನದೇನಿಲ್ಲ ಎಂದು ಅವರಿಗೆ ಹೇಳಿದಳು. ಜೀಪು ಹೋದ ಮೇಲೆ ಅಟ್ಟವನ್ನು ಗುಡಿಸಿದಳು. ಇಲಿಗಳು ಆ ತಿಂಗಳೇ ವಾಪಸು ಬಂದವು.

ಇಷ್ಟರಲ್ಲಿ ಎಲ್ಲಿಯೂ ಅತ್ತೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಲಿಂಗವನ್ನು ಬಲಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಸುಮ್ಮನಾಗುತ್ತಿದ್ದಳು. ಕಟ್ಟು ಬಿಚ್ಚಿದ ಮರುದಿನ ಮನೆಯಲ್ಲಿ ಮಿಂದು ಮಣೆಯ ಮೇಲೆ ಕೂತಳು. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈ ಮೇಲಿಟ್ಟಳು. ಅದು ಜಾರಿತು. ಮತ್ತೆ ಇಟ್ಟಳು. ಬಾಗಿದ ಹೆಬ್ಬೆರಳಿಗೆ ತಗಲಿ, ವಾಲಿದ ಅಂಗೈಯಿಂದ ಉರುಳಿ ಚಾಪೆಯ ಮೇಲೆ ಬಿತ್ತು. ಲಿಂಗ ನೆಲಕ್ಕೆ ಬೀಳುವುದೆಂದರೆ ಅವಳಿಗೆ ಏನೆಂದು ನಾನು ಹೇಗೆ ತಿಳಿಸಲಿ? ಎರಡು ಕೈಯಲ್ಲೂ ಅದನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು. ದನಿಯೇ ಇಲ್ಲದೆ ಅತ್ತಳು. ಉಡದ ಬಾಯಿಗೆ ಅಳದವಳು... ಬಾಗಿಲಲ್ಲಿ ನಿಂತಿದ್ದ ನನಗೆ ಒಳಗೆ ಹೋಗಲೂ ಆಗಲಿಲ್ಲ, ಹಿಂದೆ ಸರಿಯಲೂ ಆಗಲಿಲ್ಲ.

ಮಠದ ಹಿರಿಯರು ವಿಷಯ ತಿಳಿದು, ಪುಟ್ಟ ಪೀಠದ ಮೇಲಿಟ್ಟು ಪೂಜಿಸಿದರೆ ದೋಷವಿಲ್ಲ ಎಂದು ಹೇಳಿ ಕಳಿಸಿದರು. ಅತ್ತೆ ಒಪ್ಪಲಿಲ್ಲ. ಅಪ್ಪ ಅಂಗೈಗೆ ಬಟ್ಟೆಯ ಸಿಂಬಿ ಕಟ್ಟಿಕೊಟ್ಟ, ಅದೂ ಸರಿಹೋಗಲಿಲ್ಲ. ಮೂರೋ ನಾಲ್ಕೋ ಬೆಳಗು ಅವಳು ಲಿಂಗವನ್ನು ಬಲಗೈಯಿಂದ ಒತ್ತಿ ಹಿಡಿದುಕೊಂಡೇ ಕೂತಿದ್ದಳು. ಒಂದು ಕೈ ಹಿಡಿಯಲು ಹೋದರೆ ಪತ್ರೆ ಏರಿಸಲು ಇನ್ನೊಂದು ಕೈ ಎಲ್ಲಿ? ಒಂದು ದಿನ ಅಮ್ಮ ಒಲೆಯ ಮೇಲಿನ ಹಾಲನ್ನು ಇಳಿಸಿ, ಕೈ ತೊಳೆದು ಬಂದು, ಅವಳ ಎದುರಿಗೆ ನೆಲದ ಮೇಲೆ ಕೂತಳು. ತನ್ನ ಬಲ ಅಂಗೈಯನ್ನು ಅತ್ತೆಯ ಎಡಗೈಯ ಅಡಿಗೆ ಕೊಟ್ಟು, ವಾಲಿದ ಪಕ್ಕವನ್ನು ಮೇಲೆತ್ತಿ ಸಮ ಮಾಡಿದಳು. ಅತ್ತೆ ಅವಳನ್ನು ನೋಡಿದಳು. ಆಮೇಲೆ ಲಿಂಗವನ್ನಿಟ್ಟಳು. ಅದು ನಿಂತಿತು.

ಅವತ್ತಿನಿಂದ ಅದೇ ರೂಢಿಯಾಯಿತು. ಬೆಳಗ್ಗೆ ಅಮ್ಮ ತನ್ನ ಪೂಜೆ ಮುಗಿಸುವುದು, ಅತ್ತೆ ಮಿಂದು ಬರುವುದು, ಇಬ್ಬರೂ ಎದುರುಬದುರು ಕೂರುವುದು. ಆ ಹೊತ್ತಿನಲ್ಲಿ ಹಾಲು ಉಕ್ಕಿದರೂ ಅಮ್ಮ ಏಳುತ್ತಿರಲಿಲ್ಲ. ಎದ್ದ ಮೇಲೆ ಮತ್ತೆ ಅಡುಗೆಮನೆ ಅವಳದು, ಅಟ್ಟ ಇವಳದು. ಮಾತು ಹೆಚ್ಚೇನೂ ಆಗಲಿಲ್ಲ. ಒಬ್ಬರ ಬಗ್ಗೆ ಒಬ್ಬರು ನನ್ನ ಹತ್ತಿರ ಗೊಣಗುವುದೂ ನಿಲ್ಲಲಿಲ್ಲ. ಅಮ್ಮ ತವರಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿದಳು. ಕರೆಯಲು ಬಂದ ಮಾವನಿಗೆ, ಬೆಳಗ್ಗೆ ಒಂದು ಕೆಲಸ ಐತೆ, ಬಿಟ್ಟು ಬರಕ್ಕಾಗಲ್ಲ ಎಂದಳು. ನಾನು ಓದಿ, ನೌಕರಿ ಹಿಡಿದು, ಮದುವೆಯಾಗಿ ಬೇಲೂರಿಗೆ ಬಂದೆ. ಊರಿಗೆ ಹೋದಾಗೆಲ್ಲ ಬೆಳಗ್ಗೆ ಎದ್ದು ನೋಡಿದರೆ ಆ ಎರಡು ಕೈ ಹಾಗೇ, ಒಂದರ ಮೇಲೊಂದು.

ಹೋದ ಮಾಘದಲ್ಲಿ ಅತ್ತೆ ತೀರಿಕೊಂಡಳು. ಕಾಯಿಲೆ ಎನ್ನುವಂಥದ್ದೇನೂ ಇರಲಿಲ್ಲ, ವಯಸ್ಸು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಸಮಾಧಿ ಮಾಡುತ್ತಾರೆ. ತೋಟದಲ್ಲಿ ಅಜ್ಜನ ಪಕ್ಕ ಗುಣಿ ತೋಡಿಸಿದ್ದರು. ಪದ್ಮಾಸನದಲ್ಲಿ ಕೂರಿಸಿ, ವಿಭೂತಿ ಧರಿಸಿ, ಕೊನೆಗೆ ಲಿಂಗವನ್ನು ಎಡ ಅಂಗೈ ಮೇಲಿಡುವ ಹೊತ್ತಾಯಿತು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಇಟ್ಟರು. ಜಾರಿತು. ಮತ್ತೆ ಇಟ್ಟರು. ಬಟ್ಟೆಯಲ್ಲಿ ಕಟ್ಟಿಬಿಡೋಣವೇ ಎಂದು ಅವರು ಅಪ್ಪನನ್ನು ಕೇಳುವಷ್ಟರಲ್ಲಿ, ಹೆಂಗಸರ ನಡುವೆ ನಿಂತಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಇರಿ, ನಂಗೆ ಗೊತ್ತೈತೆ.”

ಗುಣಿಯೊಳಗೆ ಇಳಿದಳು. ಯಾರೂ ತಡೆಯಲಿಲ್ಲ. ಎದುರಿಗೆ ಕೂತು, ಅತ್ತಿಗೆಯ ಕೈ ಅಡಿಗೆ ತನ್ನ ಕೈ ಕೊಟ್ಟಳು. ಅಯ್ಯನವರು ಲಿಂಗ ಇಟ್ಟರು. ನಿಂತಿತು. ಪತ್ರೆ ಏರಿಸಿದರು, ಮಂತ್ರ ಹೇಳಿದರು, ಅದೂ ಮುಗಿಯಿತು. ಮಣ್ಣು ಹಾಕಲು ಗುದ್ದಲಿ ಹಿಡಿದವರು ಕಾಯುತ್ತಿದ್ದರು. ಅಮ್ಮ ಕೈ ತೆಗೆಯಲಿಲ್ಲ. ಅಪ್ಪ ಮೆಲ್ಲಗೆ ಕರೆದ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೂತಿದ್ದಳೋ... ಕೊನೆಗೆ ನಾನು ಇಳಿದು ಅವಳ ಭುಜ ಹಿಡಿದೆ. ತೆಗೆದರೆ ಬಿದ್ದೋಗುತ್ತೆ ಕಣೇ ಎಂದು ಅವಳು ನನಗೆ ಮಾತ್ರ ಕೇಳುವಂತೆ ಹೇಳಿದಳು. ಅಯ್ಯನವರು ಬಗ್ಗಿ, ಆ ಎರಡು ಕೈಗಳ ನಡುವೆ ವಿಭೂತಿಯ ಗಟ್ಟಿಗಳನ್ನು ಒಂದೊಂದಾಗಿ ಒತ್ತಿ ಸೇರಿಸಿದರು. ಅಮ್ಮನ ಕೈ ಇದ್ದ ಜಾಗವೆಲ್ಲ ತುಂಬಿದ ಮೇಲೆ ಅವಳು ಬೆರಳುಗಳನ್ನು ಒಂದೊಂದಾಗಿ ಹೊರಗೆಳೆದುಕೊಂಡಳು. ಲಿಂಗ ಅಲುಗಲಿಲ್ಲ.

ಈಗ ಅಮ್ಮ ಕೆಲವು ದಿನದ ಮಟ್ಟಿಗೆ ಬೇಲೂರಿನಲ್ಲಿ ನನ್ನ ಜೊತೆಗಿದ್ದಾಳೆ. ಬೆಳಗ್ಗೆ ಬೇಗ ಏಳುತ್ತಾಳೆ. ತನ್ನ ಪೂಜೆ ಮುಗಿಸಿ, ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಳ್ಳುತ್ತಾಳೆ. ಆದರೆ ಏಳುವುದಿಲ್ಲ. ಬಲಗೈಯನ್ನು ಮಡಿಲಲ್ಲಿ ಬರಿದೇ ಬಿಡಿಸಿಟ್ಟುಕೊಂಡು ಇನ್ನಷ್ಟು ಹೊತ್ತು ಕೂತಿರುತ್ತಾಳೆ. ನನಗೆ ಶಾಲೆಯ ಬಸ್ಸಿಗೆ ಹೊತ್ತಾಗುತ್ತಿರುತ್ತದೆ, ಒಲೆಯ ಮೇಲೆ ಹಾಲಿರುತ್ತದೆ. ನಾನು ಅವಳನ್ನು ಕರೆಯುವುದಿಲ್ಲ. ಹಾಲನ್ನು ನಾನೇ ಇಳಿಸುತ್ತೇನೆ.